ಮನೆಯ ರಕ್ಷಣೆಗೆ ರಿವಾಲ್ವರೋ ಪಿಸ್ತೂಲೋ: ಕೊಳ್ಳುವ ಮುನ್ನ ತಿಳಿಯಬೇಕಾದದ್ದು

ಊರಿನಿಂದ ದೂರ ತೋಟದ ನಡುವೆ ಒಂಟಿ ಮನೆ ಮಾಡಿಕೊಂಡಿರುವವರು, ವ್ಯಾಪಾರದ ನಗದನ್ನು ರಾತ್ರಿ ಮನೆಗೆ ತರಲೇಬೇಕಾದವರು, ಮಕ್ಕಳು ಪರವೂರಿನಲ್ಲಿದ್ದು ತಾವಿಬ್ಬರೇ ಉಳಿದ ವಯಸ್ಸಾದ ದಂಪತಿಗಳು ಮನೆಯಲ್ಲೊಂದು ರಿವಾಲ್ವರ್ ಇದ್ದರೆ ಧೈರ್ಯವೆಂದು ಯೋಚಿಸುವುದುಂಟು. ಆದರೆ ಈ ವಿಷಯದಲ್ಲಿ ಸುಲಭವಾಗಿ ಸಿಗುವ ಸಲಹೆಗಳಲ್ಲಿ ಬಹುಪಾಲು ಅಮೆರಿಕದ ಕಾನೂನಿಗೆ, ಅಲ್ಲಿನ ಅಂಗಡಿಗಳಿಗೆ, ಅಲ್ಲಿನ ತೆಳು ಗೋಡೆಯ ಮನೆಗಳಿಗೆ ಬರೆದವು. ಅಲ್ಲಿ ಎಲ್ಲರೂ ಹೊಗಳುವ 9 ಎಂಎಂ ಪಿಸ್ತೂಲನ್ನು ಇಲ್ಲಿ ಸಾಮಾನ್ಯ ನಾಗರಿಕ ಇಟ್ಟುಕೊಂಡರೆ ಅದು ಗಂಭೀರ ಅಪರಾಧ. ಹಾಗಾಗಿ ಕರ್ನಾಟಕದಲ್ಲಿ ಪರವಾನಗಿ ಪಡೆದು, ಕಾನೂನು ಒಪ್ಪುವ ಬೋರಿನೊಳಗೆ (ಬೋರ್ ಎಂದರೆ ನಳಿಗೆಯ ಒಳಗಿನ ಅಳತೆ), ನಮ್ಮ ಮನೆಗಳಿಗೆ ಒಗ್ಗುವ ಆಯುಧವನ್ನು ಹೇಗೆ ಆರಿಸಬೇಕೆಂಬುದನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇನೆ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ: ಮನೆಯ ಆಯುಧವನ್ನು ಅದರ ಶಕ್ತಿ ನೋಡಿ ಆರಿಸಬಾರದು, ಅದನ್ನು ಬಳಸಬೇಕಾಗಿ ಬರಬಹುದಾದವರಲ್ಲಿ ಅತಿ ದುರ್ಬಲವಾದ ಕೈ ಯಾವುದೋ, ಆ ಕೈಯನ್ನು ನೋಡಿ ಆರಿಸಬೇಕು.

ಮೊದಲು, ಆಯುಧ ಬೇಕೇ ಎಂಬುದು ತೀರ್ಮಾನವಾಗಲಿ

ಬಂದೂಕು ಮನೆಯ ರಕ್ಷಣೆಯ ಕೊನೆಯ ಸಾಧನ. ಅದಕ್ಕಿಂತ ಮುಂಚೆ ಗಟ್ಟಿಯಾದ ಬಾಗಿಲು, ಒಳಗಿನಿಂದ ಹಾಕುವ ಅಡ್ಡಪಟ್ಟಿ, ಕಿಟಕಿಯ ಸರಳು, ಅಂಗಳದಲ್ಲಿ ಚಲನೆಗೆ ತಾನೇ ಹೊತ್ತಿಕೊಳ್ಳುವ ದೀಪ, ಬೊಗಳುವ ನಾಯಿ, ಪಕ್ಕದ ಮನೆಯವರ ದೂರವಾಣಿ ಸಂಖ್ಯೆ, ತುರ್ತು ಸಂಖ್ಯೆ 112 ಇರಬೇಕು. ಇವೆಲ್ಲ ಕಳ್ಳನನ್ನು ತಡೆಯದಿದ್ದರೂ ಕೆಲವು ನಿಮಿಷವನ್ನಾದರೂ ಗಳಿಸಿಕೊಡುತ್ತವೆ. ಬೀಗ ಹಾಕಿದ ಪೆಟ್ಟಿಗೆಯಿಂದ ಆಯುಧ ತೆಗೆದು ಗುಂಡು ತುಂಬಲು ಆ ನಿಮಿಷಗಳೇ ಬೇಕು. ಒಂದೇ ಏಟಿಗೆ ತೆರೆದುಕೊಳ್ಳುವ ಹಿಂಬಾಗಿಲು ಇರುವ ಮನೆಯಲ್ಲಿ ಎಂಥ ದುಬಾರಿ ಪಿಸ್ತೂಲಿದ್ದರೂ ಅದು ಬೀರುವಿನಲ್ಲೇ ಉಳಿಯುತ್ತದೆ.

ಇನ್ನೊಂದು ವಿಚಾರವನ್ನು ಸಂಕೋಚವಿಲ್ಲದೆ ಹೇಳಬೇಕಾಗಿದೆ. ಮನೆಯಲ್ಲಿ ಯಾರಿಗಾದರೂ ಖಿನ್ನತೆ ಇದ್ದರೆ, ಸಾಯುವ ಮಾತು ಬಂದಿದ್ದರೆ, ಕುಡಿತದ ಚಟವಿದ್ದರೆ, ಅಥವಾ ಗಂಡ ಹೆಂಡಿರ ನಡುವೆ, ಅಣ್ಣತಮ್ಮಂದಿರ ನಡುವೆ ಕೈ ಮಿಲಾಯಿಸುವಷ್ಟು ಜಗಳವಿದ್ದರೆ, ಆ ಮನೆಗೆ ಬಂದೂಕನ್ನು ತರಲೇಬೇಡಿ. ಹೊರಗಿನಿಂದ ಬರಬಹುದಾದ ಕಳ್ಳನಿಗಿಂತ ಒಳಗೆ ಈಗಾಗಲೇ ಇರುವ ಅಪಾಯ ಎಷ್ಟೋ ಹತ್ತಿರದ್ದು. ಬಂದೂಕು ಕ್ಷಣಿಕ ಆವೇಗವನ್ನು ಶಾಶ್ವತ ಸಾವಾಗಿಸುತ್ತದೆ. ಮನಸ್ಸು ಬದಲಿಸಲು ಸಮಯವನ್ನೇ ಕೊಡುವುದಿಲ್ಲ. ಇಂಥ ಮನೆಯಲ್ಲಿ ಆಯುಧ ಈಗಾಗಲೇ ಇದ್ದರೆ ಪರವಾನಗಿ ಪಡೆದ ವ್ಯಾಪಾರಿಯಲ್ಲೋ ಪೊಲೀಸ್ ಠಾಣೆಯಲ್ಲೋ ಠೇವಣಿ ಇಡಿ, ಮನಸ್ಸಿನ ಕಷ್ಟಕ್ಕೆ ಸರ್ಕಾರದ ಟೆಲಿಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ.

ಪರವಾನಗಿಯ ದಾರಿ

ಭಾರತದಲ್ಲಿ ಬಂದೂಕು ಇಟ್ಟುಕೊಳ್ಳುವುದನ್ನು 1959ರ ಶಸ್ತ್ರಾಸ್ತ್ರ ಕಾಯ್ದೆ ಮತ್ತು 2016ರ ಶಸ್ತ್ರಾಸ್ತ್ರ ನಿಯಮಗಳು ನಿಯಂತ್ರಿಸುತ್ತವೆ. ಅರ್ಜಿದಾರರಿಗೆ 21 ವರ್ಷ ತುಂಬಿರಬೇಕು. ಜಿಲ್ಲೆಗಳಲ್ಲಿ ಜಿಲ್ಲಾಧಿಕಾರಿಯವರು ಜಿಲ್ಲಾ ದಂಡಾಧಿಕಾರಿಯಾಗಿ ಪರವಾನಗಿ ನೀಡುತ್ತಾರೆ. ಬೆಂಗಳೂರು, ಮೈಸೂರು, ಮಂಗಳೂರು, ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯಂಥ ಕಮಿಷನರೇಟ್ ನಗರಗಳಲ್ಲಿ ಪೊಲೀಸ್ ಆಯುಕ್ತರು ನೀಡುತ್ತಾರೆ. ನಮೂನೆ ಎ-1ರಲ್ಲಿ ಅರ್ಜಿ, ವಯಸ್ಸು ಮತ್ತು ವಿಳಾಸದ ದಾಖಲೆ, ದೇಹ ಮತ್ತು ಮನಸ್ಸಿನ ಆರೋಗ್ಯದ ವೈದ್ಯಕೀಯ ಪ್ರಮಾಣಪತ್ರ, ಆಯುಧವನ್ನು ಸುರಕ್ಷಿತವಾಗಿ ಇಡುವ ಬಗ್ಗೆ ಮುಚ್ಚಳಿಕೆ, ಸುರಕ್ಷತಾ ತರಬೇತಿಯ ಪ್ರಮಾಣಪತ್ರ, ಇವೆಲ್ಲ ಬೇಕಾಗುತ್ತವೆ. ಬಳಿಕ ನಿಮ್ಮ ಠಾಣೆಯಿಂದ ವರದಿ ಹೋಗುತ್ತದೆ. ಪರವಾನಗಿ ಸಿಕ್ಕಿದರೆ ಅದರ ವಿವರ ರಾಷ್ಟ್ರೀಯ ದತ್ತಾಂಶದಲ್ಲಿ ಸೇರಿ, ನಿಮಗೊಂದು ವಿಶಿಷ್ಟ ಗುರುತಿನ ಸಂಖ್ಯೆ ಬರುತ್ತದೆ.

ಅರ್ಜಿಯ ಜೀವಾಳವೆಂದರೆ ಕಾರಣ. ವೃತ್ತಿ, ವ್ಯಾಪಾರ ಅಥವಾ ಬೇರಾವುದೇ ಸ್ಥಿತಿಯಿಂದಾಗಿ ಜೀವ, ಆಸ್ತಿಗಳ ರಕ್ಷಣೆಗೆ ನಿಜವಾದ ಅಗತ್ಯವಿದೆ ಎಂದು ಅಧಿಕಾರಿಗೆ ಮನವರಿಕೆಯಾಗಬೇಕು. ‘ಆತ್ಮರಕ್ಷಣೆಗಾಗಿ’ ಎಂಬ ಒಂದೇ ಸಾಲು ಸಾಲದು. ಮನೆಯಿಂದ ಠಾಣೆಗೆ ಎಷ್ಟು ದೂರ, ಹತ್ತಿರದ ಮನೆ ಎಲ್ಲಿದೆ, ಮೊದಲು ಕಳ್ಳತನವೋ ಬೆದರಿಕೆಯೋ ಆಗಿದ್ದರೆ ಅದರ ದೂರಿನ ಪ್ರತಿ, ನಗದು ಸಾಗಿಸುವ ವ್ಯವಹಾರವಿದ್ದರೆ ಅದರ ದಾಖಲೆ, ಇವನ್ನು ಲಗತ್ತಿಸಿ ಸ್ಪಷ್ಟವಾಗಿ ಬರೆಯಿರಿ. ಅರ್ಜಿ ತಿರಸ್ಕೃತವಾದರೆ ಅಧಿಕಾರಿ ಕಾರಣವನ್ನು ಲಿಖಿತವಾಗಿ ದಾಖಲಿಸಬೇಕೆಂದು ಕಾಯ್ದೆಯ 14ನೇ ಕಲಂ ಹೇಳುತ್ತದೆ. 18ನೇ ಕಲಂ ಅಡಿ ಮೇಲ್ಮನವಿಗೆ ಅವಕಾಶವಿದೆ. 2019ರ ತಿದ್ದುಪಡಿಯ ನಂತರ ಪರವಾನಗಿಯ ಅವಧಿ ಮೂರರಿಂದ ಐದು ವರ್ಷಕ್ಕೆ ಏರಿದೆ, ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕುಗಳ ಸಂಖ್ಯೆ ಮೂರರಿಂದ ಎರಡಕ್ಕೆ ಇಳಿದಿದೆ.

ಕೊಡಗಿನ ಕಥೆ ಬೇರೆ. ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿ ಇದೆ. ಕೇಂದ್ರ ಸರ್ಕಾರ ಅದನ್ನು 2019ರಲ್ಲಿ 2029ರ ಅಕ್ಟೋಬರ್ 31ರವರೆಗೆ ಮುಂದುವರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು. ವಿನಾಯಿತಿ ಪರವಾನಗಿಗಷ್ಟೇ ಹೊರತು ಎಚ್ಚರಿಕೆಗಲ್ಲ. ಕೈಲ್‌ಪೊಳ್ದ್ ಹಬ್ಬದಂದು ಕೋವಿಯನ್ನು ಒರೆಸಿ ಪೂಜಿಸಿ, ತೆಂಗಿನಕಾಯಿಗೆ ಗುರಿಯಿಡುವ ಸ್ಪರ್ಧೆ ನಡೆಸುವ ಆ ಸಮಾಜದಲ್ಲಿ ಕೋವಿ ಹಿಡಿಯುವ ಶಿಸ್ತು ಹಿರಿಯರಿಂದ ಕಿರಿಯರಿಗೆ ಬರುತ್ತದೆ. ಹಾಗೆ ಕಲಿಯುವ ಅವಕಾಶವಿಲ್ಲದ ನಮ್ಮಂಥವರು ತರಬೇತಿಯಿಂದಲೇ ಅದನ್ನು ಗಳಿಸಿಕೊಳ್ಳಬೇಕು.

ಪರವಾನಗಿಯಿಲ್ಲದ ಆಯುಧದ ಮಾತೇ ಬೇಡ. ಕಡಿಮೆ ಬೆಲೆಗೆ ಕೈಗೆ ಬರುವ ನಾಡಪಿಸ್ತೂಲು ಇಟ್ಟುಕೊಂಡವರಿಗೆ ಜೈಲು ಖಚಿತ ಎನ್ನುವುದು ಒಂದು ಕಡೆಯಾದರೆ, ಅದರ ನಳಿಗೆ ಸಿಡಿದು ಹಾರಿಸಿದವರದೇ ಕೈ ಹೋಗುವ ಸಂಭವ ಇನ್ನೊಂದು ಕಡೆ.

ಬೋರ್ ಯಾವುದು

ನಿಷೇಧಿತ ಬೋರ್ ಮತ್ತು ನಿಷೇಧಿತವಲ್ಲದ ಬೋರ್ ಎಂಬ ವಿಂಗಡಣೆಯನ್ನು ಪರವಾನಗಿ ಕೈಗೆ ಬರುವ ಮೊದಲೇ ಅರಿತಿರಬೇಕು. ಸೇನೆ, ಪೊಲೀಸರು ಬಳಸುವ 9 ಎಂಎಂ, .38, .455, .45 ಗುಂಡುಗಳನ್ನು ಹಾರಿಸಬಲ್ಲ ಪಿಸ್ತೂಲು, ರಿವಾಲ್ವರುಗಳು ನಾಗರಿಕರಿಗೆ ಸಾಮಾನ್ಯವಾಗಿ ಸಿಗುವ ಪರವಾನಗಿಯ ವ್ಯಾಪ್ತಿಯಲ್ಲಿಲ್ಲ. ನಮ್ಮ ಪಾಲಿಗೆ ಉಳಿಯುವುದು ಮುಖ್ಯವಾಗಿ .32 ಬೋರ್; ಜೊತೆಗೆ .22, ಹಳೆಯ ಆಮದು ಆಯುಧಗಳಲ್ಲಿ .25.

.32 ಎಂದರೆ ಒಂದೇ ಗುಂಡು ಎಂದು ಭಾವಿಸಬೇಡಿ. ರಿವಾಲ್ವರಿಗೆ ಬಳಸುವ ಉದ್ದನೆಯ .32 ಕಾಡತೂಸಿನ ಬುಡದಲ್ಲಿ ಹೊರಚಾಚಿದ ಅಂಚಿರುತ್ತದೆ, ಪಿಸ್ತೂಲಿನದು ಗಿಡ್ಡ, ಅದರ ರಚನೆಯೇ ಬೇರೆ. ಒಂದನ್ನು ಇನ್ನೊಂದರ ಬದಲಿಗೆ ಬಳಸಬಾರದು. ಕೊಳ್ಳುವಾಗ ಪೆಟ್ಟಿಗೆಯ ಮೇಲಿನ ಹೆಸರನ್ನು ಆಯುಧದ ಮೇಲೆ ಕೊರೆದ ಹೆಸರಿಗೆ ತಾಳೆ ನೋಡಿ.

ಈ .32 ದುರ್ಬಲವೆಂಬ ದೂರು ಬಹಳ ಕೇಳಿಬರುತ್ತದೆ. 9 ಎಂಎಂ ಗುಂಡಿನ ಶಕ್ತಿಗೆ ಹೋಲಿಸಿದರೆ ಇದರದು ಅರ್ಧಕ್ಕೂ ಕಡಿಮೆ ಎಂಬುದು ನಿಜವೇ. ಆದರೆ ಅದೇ ಕಾರಣಕ್ಕೆ ಇದರ ಹಿನ್ನೊದೆತವೂ ಮೃದು. ಅರವತ್ತು ದಾಟಿದವರೂ ಸಣ್ಣ ಅಂಗೈಯ ಹೆಂಗಸರೂ ಗುಂಡಿನ ಹಿಂದೆ ಗುಂಡನ್ನು ಗುರಿ ತಪ್ಪದಂತೆ ಹಾರಿಸಬಹುದು. ಮನೆಯೊಳಗಿನ ದೂರ ನಾಲ್ಕೈದು ಮೀಟರಿನ ಆಸುಪಾಸು. ಅಷ್ಟು ಹತ್ತಿರದಲ್ಲಿ ಗುರಿಗೆ ತಾಗುವ ಸಣ್ಣ ಗುಂಡು, ಗುರಿ ತಪ್ಪುವ ದೊಡ್ಡ ಗುಂಡಿಗಿಂತ ಮೇಲು. .22 ಇನ್ನೂ ಮೃದು, ಅಭ್ಯಾಸಕ್ಕೆ ಬಹಳ ಒಳ್ಳೆಯದು. ಆದರೆ ಅದರ ಸಿಡಿಮದ್ದು ಕಾಡತೂಸಿನ ಬುಡದ ಅಂಚಿನೊಳಗೆ ಹರಡಿರುವ ಕಾರಣ ಕೆಲವೊಮ್ಮೆ ಹೊತ್ತಿಕೊಳ್ಳದೆ ಉಳಿಯುತ್ತದೆ. ಪ್ರಾಣರಕ್ಷಣೆಗೆ ಅದೊಂದನ್ನೇ ನಂಬುವುದನ್ನು ನಾನು ಒಪ್ಪುವುದಿಲ್ಲ.

ರಿವಾಲ್ವರೋ ಪಿಸ್ತೂಲೋ

ಇಡೀ ಆಯ್ಕೆಯ ತಿರುಳು ಇಲ್ಲಿದೆ, ಹಾಗಾಗಿ ನಿಧಾನವಾಗಿ ನೋಡೋಣ.

ರಿವಾಲ್ವರಿನಲ್ಲಿ ಸಾಮಾನ್ಯವಾಗಿ ಆರು ಗುಂಡುಗಳನ್ನು ತುಂಬುವ ತಿರುಗುವ ಸಿಲಿಂಡರ್ ಇರುತ್ತದೆ. ಅದನ್ನು ತೆರೆದರೆ ಎಷ್ಟು ಗುಂಡು ಇವೆ, ಇವೆಯೋ ಇಲ್ಲವೋ ಎಂಬುದು ಕಣ್ಣಿಗೇ ಕಾಣುತ್ತದೆ. ಟ್ರಿಗರನ್ನು ಪೂರ್ತಿ ಎಳೆದಾಗ ಸಿಲಿಂಡರ್ ತಿರುಗಿ, ಗುಂಡಿನ ಬುಡಕ್ಕೆ ಹೊಡೆತ ಕೊಡುವ ಹ್ಯಾಮರ್ ಎದ್ದು ಬಿದ್ದು, ಗುಂಡು ಹಾರುತ್ತದೆ. ಒಂದು ಗುಂಡು ಹುಸಿಯಾದರೆ ಮತ್ತೆ ಟ್ರಿಗರ್ ಎಳೆದರಾಯಿತು, ಮುಂದಿನ ಗುಂಡು ತಾನೇ ಬರುತ್ತದೆ. ಬೇರೆ ಗುಂಡಿ ಒತ್ತುವ, ಬೇರೆ ಭಾಗ ಎಳೆಯುವ ಕೆಲಸವಿಲ್ಲ. ನಡುರಾತ್ರಿ ನಿದ್ದೆಯಿಂದೆದ್ದು ಕೈ ನಡುಗುತ್ತಿರುವವರಿಗೆ ಇದಕ್ಕಿಂತ ದೊಡ್ಡ ಅನುಕೂಲವಿಲ್ಲ. ತಿಂಗಳುಗಟ್ಟಲೆ ಪೆಟ್ಟಿಗೆಯಲ್ಲಿದ್ದರೂ ಸ್ಪ್ರಿಂಗ್ ಒತ್ತಡದಲ್ಲಿ ಇರುವುದಿಲ್ಲ.

ಇದರ ತೊಡಕೂ ಟ್ರಿಗರಿನಲ್ಲೇ ಇದೆ. ಅದನ್ನು ಪೂರ್ತಿ ಎಳೆಯಲು ಐದಾರು ಕಿಲೋ ತೂಕವನ್ನು ಒಂದೇ ಬೆರಳಿನಿಂದ ಎಳೆದಷ್ಟು ಬಲ ಬೇಕಾಗಬಹುದು. ಸಂಧಿವಾತದ ಬೆರಳಿಗೆ ಇದು ಕಷ್ಟ. ಹೆಬ್ಬೆರಳಿನಿಂದ ಹ್ಯಾಮರನ್ನು ಮೊದಲೇ ಹಿಂದಕ್ಕೆ ಎಳೆದುಕೊಂಡರೆ ಟ್ರಿಗರ್ ಬಹಳ ಹಗುರವಾಗುತ್ತದೆ ಎಂದು ಹಲವರು ಸಲಹೆ ನೀಡುತ್ತಾರೆ. ಗುರಿ ಅಭ್ಯಾಸದ ಮೈದಾನದಲ್ಲಿ ಅದು ಸರಿ, ಮನೆಯೊಳಗೆ ಖಂಡಿತ ಬೇಡ. ಹಾಗೆ ಎಳೆದಿಟ್ಟ ಹ್ಯಾಮರ್ ಬೀಳಲು ಒಂದು ಸಣ್ಣ ಸ್ಪರ್ಶ ಸಾಕು, ಮತ್ತು ಬಂದವನು ಕಳ್ಳನಲ್ಲ, ಮನೆಯ ಮಗನೇ ಎಂದು ಗೊತ್ತಾದ ಮೇಲೆ ಅದನ್ನು ನಡುಗುವ ಕೈಯಿಂದ ಕೆಳಗಿಳಿಸುವುದು ಬಲು ಅಪಾಯದ ಕೆಲಸ.

ಪಿಸ್ತೂಲು ಚಪ್ಪಟೆ, ಗುಂಡುಗಳು ಹಿಡಿಕೆಯೊಳಗಿನ ಮ್ಯಾಗಜಿನ್‌ನಲ್ಲಿರುತ್ತವೆ, ಮರುತುಂಬುವುದು ಬೇಗ, ಮೊದಲ ಗುಂಡಿನ ನಂತರ ಟ್ರಿಗರ್ ಹಗುರ. ಆದರೆ ಮೊದಲ ಗುಂಡನ್ನು ನಳಿಗೆಗೆ ತರಲು ಮೇಲಿನ ಸ್ಲೈಡನ್ನು ಬಲವಾಗಿ ಹಿಂದಕ್ಕೆಳೆದು ಬಿಡಬೇಕು. ಎಷ್ಟೋ ಹಿರಿಯರಿಗೆ ಇದೇ ಆಗುವುದಿಲ್ಲ. ಹಿಡಿತ ಸಡಿಲವಾಗಿದ್ದರೆ ಸ್ಲೈಡ್ ಪೂರ್ತಿ ಹಿಂದೆ ಹೋಗದೆ, ಹಾರಿದ ಗುಂಡಿನ ಖಾಲಿ ಕೊಳವೆ ಸಿಕ್ಕಿಕೊಳ್ಳುತ್ತದೆ. ಆಗ ಅದನ್ನು ಬಿಡಿಸುವ ಕ್ರಮ ಕೈಗೆ ರೂಢಿಯಾಗಿರಬೇಕು. ಎಲ್ಲಕ್ಕಿಂತ ದೊಡ್ಡ ಅಪಾಯ, ಮ್ಯಾಗಜಿನ್ ತೆಗೆದ ಮಾತ್ರಕ್ಕೆ ಪಿಸ್ತೂಲು ಖಾಲಿಯಾಯಿತೆಂಬ ನಂಬಿಕೆ. ನಳಿಗೆಯ ಬುಡದ ಕೋಣೆಯಲ್ಲಿ ಒಂದು ಗುಂಡು ಉಳಿದೇ ಇರಬಹುದು. ಒರೆಸಲು ಕುಳಿತಾಗ, ಗೆಳೆಯರಿಗೆ ತೋರಿಸುವಾಗ ಪ್ರಾಣ ತೆಗೆಯುವುದು ಆ ಒಂದು ಗುಂಡು. ಮ್ಯಾಗಜಿನ್ ಮೊದಲು ತೆಗೆದು, ಆಮೇಲೆ ಸ್ಲೈಡ್ ಎಳೆದು, ಕೋಣೆಯನ್ನು ಕಣ್ಣಿನಿಂದ ನೋಡಿ ಬೆರಳಿನಿಂದಲೂ ಮುಟ್ಟಿ ಖಚಿತಪಡಿಸಿಕೊಳ್ಳಬೇಕು. ಈ ಕ್ರಮ ತಿರುವುಮುರುವಾಗಬಾರದು.

ಆದ್ದರಿಂದ ನನ್ನ ತೀರ್ಪು ಹೀಗಿದೆ: ತಿಂಗಳಿಗೊಮ್ಮೆಯಾದರೂ ತರಬೇತುದಾರರ ಮುಂದೆ ಅಭ್ಯಾಸ ಮಾಡುವ ಸಂಕಲ್ಪ ಮತ್ತು ಅವಕಾಶ ಎರಡೂ ಇರುವವರು ಪಿಸ್ತೂಲು ಆರಿಸಲಿ. ಉಳಿದವರೆಲ್ಲರಿಗೂ .32 ರಿವಾಲ್ವರೇ ಸೂಕ್ತ.

ದೇಶದೊಳಗೆ ತಯಾರಾಗುವವುಗಳಲ್ಲಿ ಕಾನ್ಪುರದ ಸ್ಮಾಲ್ ಆರ್ಮ್ಸ್ ಫ್ಯಾಕ್ಟರಿಯ .32 ರಿವಾಲ್ವರ್ ಎಲ್ಲರಿಗೂ ಪರಿಚಿತ. ಹಳೆಯ ವೆಬ್ಲಿ ಮಾದರಿಯನ್ನು ಆಧರಿಸಿದ ಇದರ ನಳಿಗೆ ಮುಂದಕ್ಕೆ ಮಡಚಿ ತೆರೆದುಕೊಳ್ಳುತ್ತದೆ, ತೆರೆದಾಗ ಖಾಲಿ ಕೊಳವೆಗಳು ಒಟ್ಟಿಗೆ ಹೊರಬರುತ್ತವೆ. 2014ರಲ್ಲಿ ಬಂದ ನಿರ್ಭೀಕ್ ಎಂಬ ರಿವಾಲ್ವರ್ ಸುಮಾರು 500 ಗ್ರಾಂ ತೂಗುತ್ತದೆ. ಮಹಿಳೆಯರು ಕೈಚೀಲದಲ್ಲಿ ಒಯ್ಯಲೆಂದು ರೂಪಿಸಿದ ಅದರ ಬೆಲೆ ಆಗ 1.22 ಲಕ್ಷ ರೂಪಾಯಿ ಇತ್ತು. 2023ರ ಆಗಸ್ಟ್‌ನಲ್ಲಿ ಬಿಡುಗಡೆಯಾದ ಪ್ರಬಲ್ ಎಂಬ ರಿವಾಲ್ವರಿನ ಸಿಲಿಂಡರ್ ಪಕ್ಕಕ್ಕೆ ತೆರೆದುಕೊಳ್ಳುತ್ತದೆ, ತೂಕ 675 ಗ್ರಾಂ, ನಳಿಗೆ 76 ಮಿಲಿಮೀಟರ್. ಪಿಸ್ತೂಲು ಬೇಕೆಂದರೆ ಸರ್ಕಾರಿ ಕಾರ್ಖಾನೆಯ ಅಶನಿ ಇದೆ. ಖಾಸಗಿ ವಲಯದಲ್ಲಿ ಉತ್ತರ ಪ್ರದೇಶದ ಹರ್ದೋಯಿ ಜಿಲ್ಲೆಯ ಸಂಡೀಲಾದಲ್ಲಿ ವೆಬ್ಲಿ ಅಂಡ್ ಸ್ಕಾಟ್ ಹೆಸರಿನ .32 ರಿವಾಲ್ವರುಗಳು ತಯಾರಾಗುತ್ತಿವೆ. ಸಾಮಾನ್ಯ ನಾಗರಿಕರಿಗೆ ವಿದೇಶಿ ಆಯುಧಗಳ ಆಮದು 1980ರ ದಶಕದಲ್ಲೇ ನಿಂತುಹೋದ ಕಾರಣ, ಈಗ ಕೈ ಬದಲಾಯಿಸುವ ವಿದೇಶಿ ಪಿಸ್ತೂಲುಗಳೆಲ್ಲ ಹೆಚ್ಚುಕಡಿಮೆ ಹಳೆಯವು. ಅವುಗಳ ಬೆಲೆಯಲ್ಲಿ ಬಹುಪಾಲು ಹೆಸರಿಗೇ ಸಲ್ಲುತ್ತದೆ, ಬಿಡಿಭಾಗ ಸಿಗುವುದು ಕಷ್ಟ. ಮನೆ ಕಾಯಲು ಅಂಥದ್ದರ ಮೇಲೆ ಹಣ ಸುರಿಯುವ ಅಗತ್ಯವಿಲ್ಲ.

ತೂಕದ ಬಗ್ಗೆ ಒಂದು ಮಾತು. ಹಗುರವಾದದ್ದು ಒಳ್ಳೆಯದೆಂಬ ಭಾವನೆ ಒಯ್ಯುವವರಿಗೆ ಸರಿ. ಮನೆಯಲ್ಲೇ ಇರುವ ಆಯುಧ ತುಸು ಭಾರವಿದ್ದಷ್ಟೂ ಹಿನ್ನೊದೆತ ಕಡಿಮೆ. ನಳಿಗೆ ತುಸು ಉದ್ದವಿದ್ದಷ್ಟೂ ಗುರಿ ನೇರ.

ಅಂಗಡಿಯಲ್ಲಿ ಏನು ನೋಡಬೇಕು

ಪರವಾನಗಿಯಲ್ಲಿ ಹೇಳಿದ ಅವಧಿಯೊಳಗೆ, ಪರವಾನಗಿ ಹೊಂದಿದ ವ್ಯಾಪಾರಿಯಿಂದಲೇ ಕೊಳ್ಳಿ. ಆಯುಧವನ್ನು ಬಳಸಬೇಕಾಗಿ ಬರಬಹುದಾದ ಮನೆಯವರನ್ನು, ಅವರ ಹೆಸರಿನಲ್ಲೂ ಪರವಾನಗಿ ಇದ್ದರೆ, ಜೊತೆಗೆ ಕರೆದೊಯ್ಯಿರಿ. ಒಬ್ಬರ ಪರವಾನಗಿಯ ಆಯುಧವನ್ನು ಮನೆಯ ಇನ್ನೊಬ್ಬರು ತಮ್ಮದೆಂಬಂತೆ ಬಳಸಲು ಕಾನೂನು ಬಿಡುವುದಿಲ್ಲ ಎಂಬುದನ್ನು ಹೆಚ್ಚಿನವರು ಮರೆಯುತ್ತಾರೆ. ಗಂಡ ಊರಿನಲ್ಲಿಲ್ಲದ ದಿನಗಳಲ್ಲಿ ಹೆಂಡತಿಯೇ ಮನೆ ಕಾಯುವವಳಾದರೆ ಅರ್ಜಿಯನ್ನು ಅವಳ ಹೆಸರಿನಲ್ಲಿ ಹಾಕುವುದೇ ನ್ಯಾಯ.

ವ್ಯಾಪಾರಿಯಿಂದ ಆಯುಧವನ್ನು ಖಾಲಿ ಮಾಡಿಸಿಕೊಂಡು, ನೀವೂ ನೋಡಿ ಖಚಿತಪಡಿಸಿಕೊಂಡ ಮೇಲೆ ಹಿಡಿಯಿರಿ. ಹಿಡಿಕೆಯನ್ನು ಅಂಗೈ ಪೂರ್ತಿ ಆವರಿಸಬೇಕು. ಹಿಡಿತ ಬದಲಿಸದೆ ತೋರುಬೆರಳಿನ ತುದಿಯ ಭಾಗ ಟ್ರಿಗರಿನ ನಡುವೆ ಕೂರಬೇಕು. ಟ್ರಿಗರನ್ನು ಮುಟ್ಟಲು ಬೆರಳನ್ನು ಪೂರ್ತಿ ಚಾಚಬೇಕಾದರೆ ಹಿಡಿಕೆ ದೊಡ್ಡದಾಯಿತು. ಎರಡೂ ಕೈಯಿಂದ ಹಿಡಿದು ಗೋಡೆಯ ಮೇಲಿನ ಒಂದು ಚುಕ್ಕೆಗೆ ಗುರಿಯಿಟ್ಟು, ಅಂಗಡಿಯವರ ಒಪ್ಪಿಗೆ ಪಡೆದು, ಟ್ರಿಗರನ್ನು ಹತ್ತು ಬಾರಿ ಎಳೆಯಿರಿ. ಹತ್ತನೆಯ ಸಲವೂ ಮುಂದಿನ ಗುರಿಕಡ್ಡಿ ಅಲುಗದಿದ್ದರೆ ಆ ಆಯುಧ ನಿಮ್ಮ ಕೈಗೆ ಒಗ್ಗಿತೆಂದು ತಿಳಿಯಬಹುದು.

ಹಳೆಯ ರಿವಾಲ್ವರ್ ಕೊಳ್ಳುವವರು ಇನ್ನಷ್ಟು ನೋಡಬೇಕು. ಹ್ಯಾಮರನ್ನು ನಿಧಾನವಾಗಿ ಎಳೆದಾಗ, ಅದು ಕೊನೆಗೆ ತಲುಪುವ ಹೊತ್ತಿಗೆ ಸಿಲಿಂಡರ್ ‘ಟಕ್’ ಎಂದು ಬೀಗ ಹಾಕಿಕೊಳ್ಳಬೇಕು. ಹೀಗೆ ಆರೂ ಕೋಣೆಗಳಿಗೂ ಪರೀಕ್ಷಿಸಿ. ಬೀಗ ಬಿದ್ದ ಮೇಲೆ ಸಿಲಿಂಡರನ್ನು ಬೆರಳಿನಿಂದ ಅಲುಗಿಸಿದರೆ ಹೆಚ್ಚು ಆಡಬಾರದು. ಕೋಣೆ ನಳಿಗೆಗೆ ನೇರವಾಗಿ ನಿಲ್ಲದಿದ್ದರೆ ಗುಂಡಿನ ಸೀಸ ಕತ್ತರಿಸಿ ಪಕ್ಕಕ್ಕೆ ಸಿಡಿಯುತ್ತದೆ. ಮಡಚಿ ತೆರೆಯುವ ಮಾದರಿಯಲ್ಲಿ ಕೀಲು ಮತ್ತು ಮೇಲಿನ ಚಿಲಕ ಸವೆದಿವೆಯೇ ನೋಡಿ. ಮುಚ್ಚಿದ ಮೇಲೆ ನಳಿಗೆ ಮೇಲೆ ಕೆಳಗೆ ಅಲುಗಿದರೆ ಅದನ್ನು ಅಲ್ಲೇ ಬಿಟ್ಟುಬನ್ನಿ. ನಳಿಗೆಯೊಳಗೆ ಬೆಳಕು ಹಾಯಿಸಿ ನೋಡಿದರೆ ಸುತ್ತುಗೆರೆಗಳು ಸ್ಪಷ್ಟವಾಗಿರಬೇಕು, ಗುಳಿ ಬಿದ್ದ ತುಕ್ಕಾಗಲಿ ಉಂಗುರದಂಥ ಉಬ್ಬಾಗಲಿ ಇರಬಾರದು. ಆಯುಧದ ಮೇಲಿನ ಸಂಖ್ಯೆ ಅಳಿಸಿದ್ದರೆ, ತಿದ್ದಿದಂತಿದ್ದರೆ, ಮಾರುವವರ ಪರವಾನಗಿಯಲ್ಲಿ ನಮೂದಾದ ಆಯುಧದ ಸಂಖ್ಯೆಗೆ ತಾಳೆಯಾಗದಿದ್ದರೆ ಮುಟ್ಟಲೂ ಹೋಗಬೇಡಿ. ಕೊಂಡ ಮೇಲೆ ಅಧಿಕಾರಿಯ ಮುಂದೆ ಹಾಜರುಪಡಿಸಿ, ಆ ಸಂಖ್ಯೆಯನ್ನು ಪರವಾನಗಿಯಲ್ಲಿ ನಮೂದಿಸಿಕೊಳ್ಳಬೇಕು. ಗುಂಡುಗಳನ್ನೂ ಪರವಾನಗಿಯಲ್ಲಿ ಬರೆದ ಸಂಖ್ಯೆಗೆ ಮೀರಿ ಇಟ್ಟುಕೊಳ್ಳುವಂತಿಲ್ಲ.

ಗುಂಡು ಎಲ್ಲಿಗೆ ಹೋಗುತ್ತದೆ

ನಿಮ್ಮ ಮನೆಯನ್ನು ಒಮ್ಮೆ ಈ ದೃಷ್ಟಿಯಿಂದ ಸುತ್ತಿ ನೋಡಿ. ಒಂಬತ್ತು ಇಂಚಿನ ಇಟ್ಟಿಗೆ ಗೋಡೆ, ಕಲ್ಲಿನ ಗೋಡೆ .32 ಗುಂಡನ್ನು ತಡೆಯುತ್ತವೆ. ಮರದ ಬಾಗಿಲು, ಪ್ಲೈವುಡ್ ಅಡ್ಡಗೋಡೆ, ಕಿಟಕಿಯ ಗಾಜು, ತಗಡು, ಮಂಗಳೂರು ಹೆಂಚು ತಡೆಯುವುದಿಲ್ಲ. ಮಲಗುವ ಕೋಣೆಯ ಬಾಗಿಲಿನಾಚೆ ನೇರಕ್ಕೆ ಮಕ್ಕಳ ಹಾಸಿಗೆಯಿದ್ದರೆ ಆ ದಿಕ್ಕಿಗೆ ಎಂದೂ ಗುಂಡು ಹಾರಿಸುವಂತಿಲ್ಲ. ಅದನ್ನು ಇಂದೇ ತೀರ್ಮಾನಿಸಿ, ಸಾಧ್ಯವಾದರೆ ಹಾಸಿಗೆಯ ಜಾಗವನ್ನೇ ಬದಲಿಸಿ. ಗ್ರಾನೈಟ್ ನೆಲ, ಕಾಂಕ್ರೀಟ್ ಗೋಡೆಗೆ ಓರೆಯಾಗಿ ಬಡಿದ ಗುಂಡು ಪುಟಿದು ಅನಿರೀಕ್ಷಿತ ದಿಕ್ಕಿಗೆ ಹಾಯುತ್ತದೆ. ಅಪಾರ್ಟ್‌ಮೆಂಟಿನಲ್ಲಿರುವವರಿಗೆ ನಾಲ್ಕೂ ಕಡೆ ಇನ್ನೊಬ್ಬರ ಮನೆಯೇ ಇರುವುದರಿಂದ, ಅಂಥ ಕಡೆ ಬಂದೂಕಿಗಿಂತ ಗಟ್ಟಿ ಬಾಗಿಲು ಮತ್ತು ಕಾವಲುಗಾರರೇ ಹೆಚ್ಚು ಉಪಯುಕ್ತವೆಂದು ನಾನು ನಂಬಿದ್ದೇನೆ.

ಕತ್ತಲಲ್ಲಿ ಕಾಣುವ ಆಕೃತಿಗೆ ಗುಂಡು ಹಾರಿಸಬಾರದು. ಎಡಗೈಯಲ್ಲಿ ಬಲವಾದ ಟಾರ್ಚ್ ಇರಲಿ, ಗಟ್ಟಿಯಾಗಿ ಕೂಗಿ ಕೇಳಿ, ಮನೆಮಂದಿ ಎಲ್ಲಿದ್ದಾರೆಂದು ಮೊದಲು ಎಣಿಸಿ. ಕಳ್ಳನನ್ನು ಹುಡುಕುತ್ತ ಕೋಣೆಯಿಂದ ಕೋಣೆಗೆ ಹೋಗುವುದಕ್ಕಿಂತ, ಎಲ್ಲರೂ ಒಂದೇ ಕೋಣೆಗೆ ಸೇರಿ ಬಾಗಿಲು ಭದ್ರಪಡಿಸಿ, 112ಕ್ಕೆ ಕರೆ ಮಾಡಿ, ಬಾಗಿಲಿನತ್ತ ಮುಖ ಮಾಡಿ ಕಾಯುವುದು ಸುರಕ್ಷಿತ. ಬಂದವರು ಬೇಕಾದದ್ದನ್ನು ಹೊತ್ತುಕೊಂಡು ಹೋದರೆ ಹೋಗಲಿ.

ಹಕ್ಕಿನ ಎಲ್ಲೆ

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಕಲಂಗಳು ಖಾಸಗಿ ರಕ್ಷಣೆಯ ಹಕ್ಕನ್ನು ಹೇಳುತ್ತವೆ. ಆಸ್ತಿಯ ರಕ್ಷಣೆಗಾಗಿ ಎದುರಾಳಿಯ ಸಾವಿಗೂ ಕಾರಣವಾಗಬಹುದಾದ ಸಂದರ್ಭಗಳನ್ನು 41ನೇ ಕಲಂ ಪಟ್ಟಿ ಮಾಡುತ್ತದೆ: ಸುಲಿಗೆ, ಸೂರ್ಯಾಸ್ತದಿಂದ ಸೂರ್ಯೋದಯದೊಳಗಿನ ಮನೆಗನ್ನ, ವಾಸದ ಮನೆಗೆ ಬೆಂಕಿ ಇಡುವುದು ಅಥವಾ ಸ್ಫೋಟಕ ಬಳಸುವುದು, ಮತ್ತು ಸಾವು ಇಲ್ಲವೇ ಗಂಭೀರ ಗಾಯದ ಸಕಾರಣ ಭಯ ಹುಟ್ಟಿಸುವ ಕಳ್ಳತನ, ಹಾನಿ ಅಥವಾ ಗೃಹ ಅತಿಕ್ರಮಣ. ಆದರೆ 37ನೇ ಕಲಂ ಈ ಎಲ್ಲಕ್ಕೂ ಕಡಿವಾಣ ಹಾಕುತ್ತದೆ. ಪೊಲೀಸರ ನೆರವು ಪಡೆಯಲು ಸಮಯವಿದ್ದಲ್ಲಿ ಈ ಹಕ್ಕಿಲ್ಲ. ರಕ್ಷಣೆಗೆ ಎಷ್ಟು ಅಗತ್ಯವೋ ಅದಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ. ಹಗಲಲ್ಲಿ ಅಡಿಕೆ ಕದ್ದು ಬೇಲಿ ಹಾರಿ ಓಡುತ್ತಿರುವವನ ಬೆನ್ನಿಗೆ ಗುಂಡು ಹಾರಿಸಿದವರನ್ನು ಈ ಕಲಂಗಳು ಕಾಪಾಡುವುದಿಲ್ಲ. ತಾನು ಈ ಹಕ್ಕಿನೊಳಗೇ ನಡೆದುಕೊಂಡೆ ಎಂದು ತೋರಿಸುವ ಹೊಣೆಯೂ ಗುಂಡು ಹಾರಿಸಿದವರ ಮೇಲೆಯೇ ಇರುತ್ತದೆ. ಮದುವೆ ಮೆರವಣಿಗೆಯಲ್ಲಿ ಗಾಳಿಯಲ್ಲಿ ಗುಂಡು ಹಾರಿಸುವವರಿಗೆ, ಇತರರ ಸುರಕ್ಷತೆಗೆ ಧಕ್ಕೆ ತಂದರೆ, 2019ರ ತಿದ್ದುಪಡಿಯ ಪ್ರಕಾರ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು.

ಇಡುವ ಜಾಗ, ಮಳೆಗಾಲ, ಅಭ್ಯಾಸ

ಆಯುಧದ ಬೆಲೆಯನ್ನು ಲೆಕ್ಕ ಹಾಕುವಾಗಲೇ ಉಕ್ಕಿನ ಪೆಟ್ಟಿಗೆಯ ಬೆಲೆಯನ್ನೂ ಸೇರಿಸಿ. ಗೋಡೆಗೋ ನೆಲಕ್ಕೋ ಬೋಲ್ಟ್ ಹಾಕಿ ಕೂರಿಸಿದ, ಸಂಖ್ಯೆ ಒತ್ತಿ ಕತ್ತಲಲ್ಲೂ ತೆರೆಯಬಹುದಾದ ಸಣ್ಣ ಪೆಟ್ಟಿಗೆ ಮಲಗುವ ಕೋಣೆಯಲ್ಲಿರಲಿ. ಆಯುಧ ಖಾಲಿಯಾಗಿರಲಿ, ಗುಂಡುಗಳು ಬೇರೆ ಬೀಗದಲ್ಲಿರಲಿ. ದಿಂಬಿನ ಕೆಳಗೆ, ಬೀರುವಿನ ಸೀರೆಗಳ ನಡುವೆ, ದೇವರ ಕೋಣೆಯ ಅಟ್ಟದ ಮೇಲೆ ಅಡಗಿಸಿಟ್ಟದ್ದನ್ನು ಮಕ್ಕಳು ಹುಡುಕದೆ ಬಿಡುವುದಿಲ್ಲ. ಬೇಸಿಗೆ ರಜೆಗೆ ಮೊಮ್ಮಕ್ಕಳು ಬರುವ ಮುನ್ನ ಪೆಟ್ಟಿಗೆಯ ಸಂಖ್ಯೆಯನ್ನು ಬದಲಿಸುವ ರೂಢಿ ಒಳ್ಳೆಯದು.

ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಉಕ್ಕಿಗೆ ವಾರದೊಳಗೆ ತುಕ್ಕು ಹಿಡಿಯುತ್ತದೆ. ಚರ್ಮದ ಚೀಲ ತೇವ ಹೀರಿಕೊಳ್ಳುವುದರಿಂದ ಆಯುಧವನ್ನು ಅದರೊಳಗೆ ಇಡಬೇಡಿ. ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಪೆಟ್ಟಿಗೆಯಲ್ಲಿಟ್ಟು ಆಗಾಗ ಬದಲಿಸಿ, ಹದಿನೈದು ದಿನಕ್ಕೊಮ್ಮೆ ಬಂದೂಕಿನ ಎಣ್ಣೆಯಲ್ಲಿ ತೆಳುವಾಗಿ ಒರೆಸಿ. ತೆಂಗಿನೆಣ್ಣೆ ಬೇಡ, ಅದು ಅಂಟಾಗಿ ಗಟ್ಟಿಯಾಗುತ್ತದೆ. ಕಾಡತೂಸಿಗೆ ಮಾತ್ರ ಎಣ್ಣೆ ಸೋಕದಿರಲಿ. ಮದ್ದು ಹೊತ್ತಿಕೊಳ್ಳದೆ ಹೋಗಬಹುದು. ಹಸಿರು ಕಿಲುಬು ಹಿಡಿದ, ಜಜ್ಜಿದ ಗುಂಡುಗಳನ್ನು ಎತ್ತಿಟ್ಟು ವ್ಯಾಪಾರಿಗೆ ತೋರಿಸಿ.

ಅಭ್ಯಾಸಕ್ಕೆ ನಿಮ್ಮ ಜಿಲ್ಲೆಯ ರೈಫಲ್ ಸಂಸ್ಥೆಯಲ್ಲಿ ವಿಚಾರಿಸಿ, .32 ಹಾರಿಸಲು ಅವಕಾಶವಿದೆಯೇ ಎಂದು ಸೇರುವ ಮೊದಲೇ ಕೇಳಿ. ತೋಟದ ಮೂಲೆಯಲ್ಲಿ ಮರಕ್ಕೆ ಗುರಿಯಿಟ್ಟು ಅಭ್ಯಾಸ ಮಾಡುವುದು ಕಾನೂನಿಗೂ ಸುರಕ್ಷತೆಗೂ ವಿರುದ್ಧ. ಕಿವಿಗೆ ರಕ್ಷಣೆ, ಕಣ್ಣಿಗೆ ಕನ್ನಡಕ ಕಡ್ಡಾಯ. ಯಾವ ಬಂದೂಕನ್ನಾದರೂ ತುಂಬಿದೆಯೆಂದೇ ಭಾವಿಸುವುದು, ಸಾಯಬಾರದ ಯಾರ ಕಡೆಗೂ ನಳಿಗೆ ತಿರುಗಿಸದಿರುವುದು, ಹಾರಿಸುವ ನಿರ್ಧಾರವಾಗುವವರೆಗೆ ಬೆರಳನ್ನು ಟ್ರಿಗರಿನಿಂದ ಹೊರಗಿಡುವುದು, ಗುರಿಯ ಹಿಂದೆ ಏನಿದೆಯೆಂದು ತಿಳಿದಿರುವುದು, ಈ ನಾಲ್ಕು ನಿಯಮಗಳು ಯೋಚಿಸದೆಯೇ ಕೈಗೆ ಬರುವಷ್ಟು ರೂಢಿಯಾಗಬೇಕು. ಅಭ್ಯಾಸದಲ್ಲಿ ಗುಂಡು ಹುಸಿಯಾದರೆ ನಳಿಗೆಯನ್ನು ಗುರಿಯತ್ತಲೇ ಹಿಡಿದು ಅರ್ಧ ನಿಮಿಷ ಕಾದು ಆಮೇಲೆ ತೆರೆಯಿರಿ. ತಡವಾಗಿ ಸಿಡಿಯುವ ಸಂಭವವಿರುತ್ತದೆ.

ಚುನಾವಣೆ ಘೋಷಣೆಯಾದಾಗ ಆಯುಧವನ್ನು ಠಾಣೆಯಲ್ಲೋ ವ್ಯಾಪಾರಿಯಲ್ಲೋ ಠೇವಣಿ ಇಡಲು ಜಿಲ್ಲಾಡಳಿತದಿಂದ ಆದೇಶ ಬರಬಹುದು. ಒಂಟಿ ಮನೆಯವರು, ಕಾಡುಪ್ರಾಣಿಗಳ ಕಾಟವಿರುವ ಕೃಷಿಕರು ಕಾರಣ ತೋರಿಸಿ ವಿನಾಯಿತಿಗೆ ಅರ್ಜಿ ಕೊಡಬಹುದು, ಅದಕ್ಕೆ ಕೊನೆಯ ದಿನದವರೆಗೆ ಕಾಯಬೇಡಿ. ಠೇವಣಿ ಇಟ್ಟಾಗ ಆಯುಧದ ಸಂಖ್ಯೆ, ಗುಂಡುಗಳ ಲೆಕ್ಕ ಬರೆದ ರಸೀದಿ ಪಡೆಯಿರಿ, ಮರಳಿ ತರುವಾಗ ನಳಿಗೆ, ಸಿಲಿಂಡರುಗಳನ್ನು ಅಲ್ಲೇ ಪರಿಶೀಲಿಸಿ. ಪರವಾನಗಿ ಮುಗಿಯುವ ದಿನಾಂಕವನ್ನು ಪೆಟ್ಟಿಗೆಯ ಒಳಬಾಗಿಲಿಗೆ ಅಂಟಿಸಿಡಿ. ನವೀಕರಣಕ್ಕೆ ಅವಧಿ ಮುಗಿಯುವ ಮೊದಲೇ ಅರ್ಜಿ ಹಾಕಬೇಕು. ಪರವಾನಗಿದಾರರು ತೀರಿಕೊಂಡರೆ ಮನೆಯವರು ಆಯುಧವನ್ನು ಬೀರುವಿನಲ್ಲಿ ಇಟ್ಟುಕೊಂಡು ಕೂರುವಂತಿಲ್ಲ. ಕಾಯ್ದೆಯ 21ನೇ ಕಲಂ ಪ್ರಕಾರ ವಿಳಂಬವಿಲ್ಲದೆ ಠಾಣೆಯಲ್ಲಿ ಅಥವಾ ಪರವಾನಗಿ ಇರುವ ವ್ಯಾಪಾರಿಯಲ್ಲಿ ಠೇವಣಿ ಇಟ್ಟು, ಬೇಕಿದ್ದರೆ ವಾರಸುದಾರರು ತಮ್ಮ ಹೆಸರಿನಲ್ಲಿ ಹೊಸ ಪರವಾನಗಿಗೆ ಅರ್ಜಿ ಸಲ್ಲಿಸಬೇಕು. ಆಯುಧದ ಸಂಖ್ಯೆ, ಪರವಾನಗಿಯ ಪ್ರತಿ ಮತ್ತು ಈ ವಿಧಾನ ಬರೆದ ಹಾಳೆ ಎಲ್ಲಿದೆಯೆಂದು ಮನೆಯ ಒಬ್ಬ ವಯಸ್ಕರಿಗಾದರೂ ಈಗಲೇ ತಿಳಿಸಿಡಿ.